ಡಿಸ್ಕ್ ಇಲ್ಲದ ಕಂಪ್ಯೂಟರನ್ನು ಎಬ್ಬಿಸುವ ಫೈಲ್: ನೆಟ್‌ವರ್ಕ್ ಬೂಟ್‌ನ ಹಿನ್ನೆಲೆ

ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಈ ಪರದೆಯನ್ನು ನೀವೂ ನೋಡಿರಬಹುದು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಒಂದು ಸಾಲಿನಲ್ಲಿ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ. ಕೆಳಗೆ ‘ಡಿಎಚ್‌ಸಿಪಿ’ ಎಂಬ ಪದ, ಅದರ ಪಕ್ಕ ಗಿರಗಿರ ತಿರುಗುವ ಪುಟ್ಟ ಗೆರೆ. ಸ್ವಲ್ಪ ಹೊತ್ತು ತಿರುಗಿ, ‘ಪಿಎಕ್ಸ್‌ಇ-ಇ51’ ಎಂದೋ ‘ಇ53’ ಎಂದೋ ಹೇಳಿ ಅದು ನಿಂತುಬಿಡುತ್ತದೆ. ವೈರಸ್ ಬಂತು ಎಂದು ಹೆದರುವವರೇ ಜಾಸ್ತಿ. ವೈರಸ್ ಅಲ್ಲ. ಡಿಸ್ಕ್‌ನಲ್ಲಿ ಏನೂ ಸಿಗದ ಕಂಪ್ಯೂಟರ್, ಕೇಬಲ್‌ನ ಆ ತುದಿಯಲ್ಲಿ ಯಾರಾದರೂ ಇದ್ದೀರಾ, ನನ್ನನ್ನು ಎಬ್ಬಿಸುವ ಫೈಲ್ ಕೊಡ್ತೀರಾ ಎಂದು ಕೇಳುತ್ತಿದೆ, ಅಷ್ಟೆ.

ಹೀಗೆ ಕೇಳುವ ರೂಢಿ ಗಟ್ಟಿಯಾಗಿದ್ದು 1980ರ ದಶಕದಲ್ಲಿ. ಆಗ ಡಿಸ್ಕ್ ತುಂಬಾ ದುಬಾರಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ, ಕಂಪನಿಗಳಲ್ಲಿ ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಮೇಜಿಗೊಂದರಂತೆ ಇಟ್ಟು, ಎಲ್ಲಕ್ಕೂ ಸೇರಿ ಒಂದು ಸರ್ವರ್‌ನಲ್ಲಿ ಡಿಸ್ಕ್ ಇಡುತ್ತಿದ್ದರು. ಸನ್ ಮೈಕ್ರೋಸಿಸ್ಟಮ್ಸ್ ಇಂಥ ಯಂತ್ರಗಳನ್ನು ಮಾರುತ್ತಿತ್ತು. ಖರ್ಚೇನೋ ಉಳಿಯಿತು. ಆದರೆ ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಹಾಗಾಯಿತು. ನೆಟ್‌ವರ್ಕ್‌ನಲ್ಲಿ ಮಾತಾಡಲು ಆಪರೇಟಿಂಗ್ ಸಿಸ್ಟಮ್ ಬೇಕು. ಆಪರೇಟಿಂಗ್ ಸಿಸ್ಟಮ್ ಇರುವುದು ನೆಟ್‌ವರ್ಕ್‌ನ ಆಚೆ ಬದಿಯಲ್ಲಿ!

ದಾರಿ ಒಂದೇ ಇತ್ತು. ಫೈಲ್ ತರಿಸುವಷ್ಟು ಬುದ್ಧಿಯನ್ನು ಬೋರ್ಡ್ ಮೇಲಿನ ಒಂದು ಸಣ್ಣ ಚಿಪ್‌ನೊಳಗೆ ತುಂಬಿಸಬೇಕು. ಚಿಪ್‌ನಲ್ಲಿ ಜಾಗ ಕೆಲವೇ ಕಿಲೋಬೈಟ್. ಫೈಲ್ ಕಳಿಸಲು ಆಗಲೇ ಬಳಕೆಯಲ್ಲಿದ್ದ ಎಫ್‌ಟಿಪಿ ಎಂಬ ವಿಧಾನ ಅದರಲ್ಲಿ ಹಿಡಿಸುವಂಥದ್ದಲ್ಲ. ಆಗ ನೆರವಿಗೆ ಬಂದದ್ದು ಟಿಎಫ್‌ಟಿಪಿ. ನೋಯೆಲ್ ಚಿಯಾಪ್ಪ ಮೊದಲು ರೂಪಿಸಿದ ಈ ವಿಧಾನವನ್ನು 1981ರಲ್ಲಿ ಎಂಐಟಿಯ ಕರೆನ್ ಸೋಲಿನ್ಸ್ ಆರ್‌ಎಫ್‌ಸಿ 783 ಆಗಿ ಬರೆದಿಟ್ಟರು (ಇಂಟರ್‌ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆಗಳೇ ಆರ್‌ಎಫ್‌ಸಿ). ಅದರ ಹೆಸರಿನ ಮೊದಲ ಅಕ್ಷರದ ಅರ್ಥವೇ ‘ಚಿಲ್ಲರೆ’, ‘ಅಲ್ಪ’ ಅಂತ. ಬೇಕೆಂದೇ ಅಷ್ಟು ಚಿಕ್ಕದಾಗಿ ಮಾಡಿದ್ದು.

ಅದು ಕೆಲಸ ಮಾಡುವ ರೀತಿ ನನಗೆ ಇವತ್ತಿಗೂ ಇಷ್ಟ. ಒಟ್ಟು ಐದೇ ಬಗೆಯ ಪ್ಯಾಕೆಟ್: ಓದಬೇಕು, ಬರೆಯಬೇಕು, ಇಗೋ ಡೇಟಾ, ತಲುಪಿತು, ತಪ್ಪಾಯಿತು. ಕಂಪ್ಯೂಟರ್ ಸರ್ವರ್‌ನ 69ನೇ ಪೋರ್ಟ್‌ಗೆ, ಅಂದರೆ ಈ ಕೆಲಸಕ್ಕೆಂದೇ ಮೀಸಲಾದ ಬಾಗಿಲಿಗೆ, ಫೈಲ್‌ನ ಹೆಸರು ಕಳಿಸುತ್ತದೆ. ಸರ್ವರ್ 512 ಬೈಟ್‌ಗಳ ಒಂದು ತುಂಡು ಕಳಿಸಿ ಸುಮ್ನೆ ಕಾಯುತ್ತದೆ. ‘ಒಂದು ಬಂತು’ ಎಂಬ ಉತ್ತರ ಸಿಕ್ಕ ಮೇಲೇ ಎರಡನೆಯದು. ‘ಎರಡು ಬಂತು’ ಅಂದ ಮೇಲೆ ಮೂರನೆಯದು. ಫೈಲ್ ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. 512ಕ್ಕಿಂತ ಚಿಕ್ಕ ತುಂಡು ಬಂದರೆ ಅದೇ ಕೊನೆಯದು. ಫೈಲ್ 512ರ ಲೆಕ್ಕಕ್ಕೆ ಸರಿಯಾಗಿ ಕೂತುಬಿಟ್ಟರೆ, ಕೊನೆಗೊಂದು ಖಾಲಿ ತುಂಡು ಬರುತ್ತದೆ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಸರ್ವರ್‌ನಲ್ಲಿ ಏನೇನಿದೆ ಎಂದು ನೋಡುವ ಸೌಲಭ್ಯವೂ ಇಲ್ಲ.

ಇಷ್ಟು ಸರಳವಾದದ್ದರಲ್ಲೂ ಒಂದು ಎಡವಟ್ಟು ಅಡಗಿತ್ತು. ‘ಬಂತು’ ಎಂಬ ಉತ್ತರ ತಡವಾದರೆ ಸರ್ವರ್ ಅದೇ ತುಂಡನ್ನು ಇನ್ನೊಮ್ಮೆ ಕಳಿಸುತ್ತಿತ್ತು. ಆಮೇಲೆ ಎರಡೂ ತುಂಡಿಗೆ ಎರಡು ಉತ್ತರ, ಎರಡು ಉತ್ತರಕ್ಕೆ ಮತ್ತೆ ಎರಡು ತುಂಡು. ಫೈಲ್ ಮುಗಿಯುವವರೆಗೂ ಎಲ್ಲವೂ ಜೋಡಿಯಾಗಿಯೇ ಓಡಾಡುತ್ತಿದ್ದವು. 1989ರ ಆರ್‌ಎಫ್‌ಸಿ 1123 ಇದನ್ನು ತಡೆಯಿತು. ಒಂದೇ ಉತ್ತರ ಎರಡನೇ ಸಲ ಬಂದರೆ ಅದಕ್ಕಾಗಿ ಡೇಟಾ ಮತ್ತೆ ಕಳಿಸಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿತು.

ಫೈಲ್ ತರುವುದು ಆಯಿತು. ಆದರೆ ಯಾರಿಂದ ತರಬೇಕು, ಯಾವ ಫೈಲ್ ತರಬೇಕು? ಆಗಷ್ಟೇ ಕಣ್ಣುಬಿಟ್ಟ ಕಂಪ್ಯೂಟರ್‌ಗೆ ತನ್ನ ಐಪಿ ವಿಳಾಸವೂ ಗೊತ್ತಿರುವುದಿಲ್ಲ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ‘ರಾರ್ಪ್’ ವಿಳಾಸವನ್ನೇನೋ ಹೇಳುತ್ತಿತ್ತು, ಬೇರೇನೂ ಹೇಳುತ್ತಿರಲಿಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಿಲ್ ಕ್ರಾಫ್ಟ್ ಮತ್ತು ಸನ್‌ನ ಜಾನ್ ಗಿಲ್ಮೋರ್ ‘ಬೂಟ್‌ಪಿ’ ತಂದರು. ನಿನ್ನ ವಿಳಾಸ ಇದು, ಸರ್ವರ್ ಇಲ್ಲಿದೆ, ಫೈಲ್‌ನ ಹೆಸರು ಇದು. ಮೂರೂ ಒಂದೇ ಉತ್ತರದಲ್ಲಿ. 1993ರಲ್ಲಿ ಬಂದ ಡಿಎಚ್‌ಸಿಪಿ ಇದರ ಮೇಲೇ ಕಟ್ಟಿದ್ದು. ನಿಮ್ಮ ಮನೆಯ ವೈಫೈ ರೂಟರ್ ಫೋನಿಗೆ ವಿಳಾಸ ಕೊಡುವಾಗ ಕಳಿಸುವ ಪ್ಯಾಕೆಟ್‌ನಲ್ಲಿ ಬೂಟ್ ಫೈಲ್‌ನ ಹೆಸರಿಗಾಗಿ 128 ಬೈಟ್‌ಗಳ ಜಾಗ ಇವತ್ತಿಗೂ ಇದೆ. ಫೋನಿಗೆ ಅದು ಬೇಕಿಲ್ಲ.

ಪಿಸಿಗಳ ಲೋಕದಲ್ಲಿ ಒಬ್ಬೊಬ್ಬರದು ಒಂದೊಂದು ದಾರಿಯಾಗಿತ್ತು. 1990ರ ದಶಕದ ಕೊನೆಗೆ ಇಂಟೆಲ್ ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡನ್ನೂ ಒಟ್ಟಿಗೆ ಜೋಡಿಸಿ ಪಿಎಕ್ಸ್‌ಇ ಮಾಡಿತು. 1999ರಲ್ಲಿ ಅದರ 2.1 ಆವೃತ್ತಿ ಬಂತು. ಅಲ್ಲಿಂದ ಅದು ಬಹುತೇಕ ಎಲ್ಲ ನೆಟ್‌ವರ್ಕ್ ಕಾರ್ಡ್‌ಗಳನ್ನು ಸೇರಿತು. ನೂರು ಮಷೀನಿಗೆ ಸಿಡಿ ಹಿಡಿದು ಓಡಾಡುವ ಕಷ್ಟ ತಪ್ಪಿತು.

ಆದರೆ ಫೈಲ್‌ಗಳು ಚಿಕ್ಕದಾಗಿ ಉಳಿಯಲಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ತುಂಡು ಹೋಗಿ ಉತ್ತರ ಬರಲು 1 ಮಿಲಿಸೆಕೆಂಡ್ ಸಾಕು ಅಂದುಕೊಂಡರೂ, ಸೆಕೆಂಡಿಗೆ ಸಾವಿರ ತುಂಡು, ಅಂದರೆ 500 ಕೆಬಿ. 100 ಎಂಬಿ ಫೈಲ್‌ಗೆ ಮೂರು ನಿಮಿಷದ ಮೇಲೆ. ಸರ್ವರ್ ದೂರದ ಊರಲ್ಲಿದ್ದು ಉತ್ತರಕ್ಕೆ 50 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಬರೇ 10 ಕೆಬಿ. ಕೇಬಲ್ ಎಷ್ಟೇ ದಪ್ಪವಿದ್ದರೂ ಏನೂ ಪ್ರಯೋಜನವಿಲ್ಲ, ಸಮಯವೆಲ್ಲ ಕಾಯುವುದರಲ್ಲೇ ಹೋಗುತ್ತದೆ. ತುಂಡಿನ ನಂಬರ್ 65,535 ದಾಟುವಂತಿಲ್ಲವಾದ್ದರಿಂದ ಮೂಲ ನಿಯಮದಲ್ಲಿ 32 ಎಂಬಿಯೇ ಗಡಿ. 1995ರಲ್ಲಿ ತುಂಡಿನ ಗಾತ್ರ ಹೆಚ್ಚಿಸಲು, 2015ರಲ್ಲಿ ಒಂದೇ ಉತ್ತರಕ್ಕೆ ಹಲವು ತುಂಡು ಕಳಿಸಲು ಅವಕಾಶವಾಯಿತು. ಎರಡೂ ತೇಪೆಗಳೇ.

ನಿಧಾನವನ್ನಾದರೂ ಸಹಿಸಬಹುದು. ನನಗೆ ಚಿಂತೆಯಾಗುವುದು ನಂಬಿಕೆಯ ವಿಷಯ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಲ್ಯಾಬೊಂದರಲ್ಲಿ ಒಂದು ಬೆಳಿಗ್ಗೆ ಕೆಲವು ಮಷೀನ್ ಎದ್ದವು, ಕೆಲವು ‘ಇ53’ ಅಂದವು. ‘ಬೂಟ್ ಫೈಲ್‌ನ ಹೆಸರು ಬರಲಿಲ್ಲ’ ಎಂದು ಅದರ ಅರ್ಥ. ಸರ್ವರ್ ನೋಡಿದೆ, ಸರಿಯಾಗಿದೆ. ಸ್ವಿಚ್ ಬದಲಿಸಿದೆ, ಅದೇ ಕಥೆ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಬೆಂಚಿನ ಕೆಳಗೆ ಕೈಗೆ ಸಿಕ್ಕಿತು, ಯಾರೋ ಮನೆಯಿಂದ ತಂದು ಸಿಕ್ಕಿಸಿದ್ದ ವೈಫೈ ರೂಟರ್. ನಮ್ಮ ಸರ್ವರ್‌ಗಿಂತ ಮೊದಲು ಅದೇ ಉತ್ತರ ಕೊಡುತ್ತಿತ್ತು. ಪಾಪ, ಅದರ ಬಳಿ ಫೈಲ್‌ನ ಹೆಸರು ಇರಲಿಲ್ಲ. ಇದ್ದಿದ್ದರೆ? ಕೆಟ್ಟ ಮನಸ್ಸಿನವರು ಇಟ್ಟ ಪೆಟ್ಟಿಗೆಯಾಗಿದ್ದರೆ, ಅದು ಹೇಳಿದ ಫೈಲನ್ನೇ ನಮ್ಮ ಮಷೀನ್‌ಗಳು ತಂದು ಓಡಿಸುತ್ತಿದ್ದವು, ಅಲ್ವಾ?

ಇದಕ್ಕೆ ಪರಿಹಾರ ತಡವಾಗಿ ಬಂತು. ಸೆಕ್ಯೂರ್ ಬೂಟ್, ತಂದ ಫೈಲ್‌ನ ಮೇಲೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಎಂದು ನೋಡುತ್ತದೆ. 2015ರಲ್ಲಿ ಯುಇಎಫ್‌ಐ 2.5 (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ನಿಯಮಾವಳಿ) ಎಚ್‌ಟಿಟಿಪಿ ಬೂಟ್ ತಂದಿತು, ಅಂದರೆ ವೆಬ್ ಪುಟ ತರುವ ದಾರಿಯಲ್ಲೇ ಬೂಟ್ ಫೈಲ್ ತರುವುದು. ಫೈಲ್ ಬೇಗ ಬರುತ್ತದೆ. ಎಚ್‌ಟಿಟಿಪಿಎಸ್ ಇದ್ದರೆ ಸರ್ವರ್ ಯಾರು ಎಂದೂ ಪರೀಕ್ಷಿಸಬಹುದು. ಆದರೂ 2024ರ ಜನವರಿಯಲ್ಲಿ ಫ್ರಾನ್ಸ್‌ನ ಕ್ವಾರ್ಕ್ಸ್‌ಲ್ಯಾಬ್ ಒಂಬತ್ತು ದೋಷಗಳನ್ನು ಹೊರಗಿಟ್ಟಿತು. ‘ಪಿಕ್ಸಿಫೇಲ್’ ಎಂದು ಅವುಗಳ ಹೆಸರು. ಹಲವು ಕಂಪನಿಗಳ ಫರ್ಮ್‌ವೇರ್‌ಗೆ (ಬೋರ್ಡ್ ಮೇಲಿನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್) ಮೂಲವಾದ ಇಡಿಕೆ-2 ಎಂಬ ಕೋಡ್‌ನಲ್ಲಿ ಅವು ಇದ್ದವು. ಫೈಲ್‌ನ ಸಹಿ ನೋಡುವ ಮೊದಲೇ, ಬಂದ ಪ್ಯಾಕೆಟನ್ನು ಬಿಡಿಸುವಾಗಲೇ ಎಡವುವ ದೋಷಗಳೂ ಅವುಗಳಲ್ಲಿದ್ದವು. ಅದೇ ನೆಟ್‌ವರ್ಕ್‌ನಲ್ಲಿ ಕೂತವರು ಅವನ್ನು ಬಳಸಿಕೊಳ್ಳಬಹುದಿತ್ತು. ನೆಟ್‌ವರ್ಕ್ ಬೂಟ್ ಬೇಡದ ಮಷೀನ್‌ನಲ್ಲಿ ಅದನ್ನು ಬಯೋಸ್ ಸೆಟಪ್‌ನಲ್ಲಿ ಆಫ್ ಮಾಡಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬೇಕಾದ ಕಡೆ ಈಗ ಹೆಚ್ಚಿನವರು ಮಾಡುವುದು ಹೀಗೆ. ಮೊದಲು ಐಪಿಎಕ್ಸ್‌ಇ ಎಂಬ ಸಣ್ಣ ಪ್ರೋಗ್ರಾಮ್ ಒಂದನ್ನು ತರಿಸುತ್ತಾರೆ. ದೊಡ್ಡ ಫೈಲ್‌ಗಳನ್ನೆಲ್ಲ ಅದು ಎಚ್‌ಟಿಟಿಪಿಯಲ್ಲಿ ಎಳೆದುಕೊಳ್ಳುತ್ತದೆ. ಆ ಮೊದಲ ಸಣ್ಣ ಫೈಲ್ ಮಾತ್ರ ಎಷ್ಟೋ ಲ್ಯಾಬ್‌ಗಳಲ್ಲಿ ಇವತ್ತಿಗೂ 69ನೇ ಪೋರ್ಟ್‌ನ ಬಾಗಿಲು ತಟ್ಟಿಯೇ ಬರುತ್ತದೆ, ಒಂದು ತುಂಡು, ಒಂದು ಉತ್ತರ, ಇನ್ನೊಂದು ತುಂಡು.