ಬಿದ್ದವನ ಮುಖ ನೋಡಿ

ಯಾರಾದರೂ ಜಾರಿ ಬಿದ್ದರೆ ನಾವು ತಕ್ಷಣ ಅವರ ಮುಖ ನೋಡುತ್ತೇವೆ, ಅಲ್ವಾ? ಪೆಟ್ಟಾಯಿತೋ ಇಲ್ಲವೋ ಗೊತ್ತಾಗುವುದು ಅಲ್ಲೇ. ಮುಖ ಕಿವುಚಿದ್ದರೆ ಎತ್ತಲು ಓಡುತ್ತೇವೆ. ಸುಮ್ನೆ ಎದ್ದು ಬಟ್ಟೆ ಕೊಡವಿಕೊಂಡರೆ ನಗು ತಡೆಯುವುದು ಕಷ್ಟ.

ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದಕ್ಕೆ ಹೊಂದುವ ಒಂದು ಊಹೆ ಮುಂದಿಟ್ಟಿದ್ದಾರೆ. ಅಪಾಯ ಬಂತೆಂದು ಮೈ ಸಜ್ಜಾಗುತ್ತದೆ. ಮರುಕ್ಷಣ ಏನೂ ಇಲ್ಲವೆಂದು ತಿಳಿಯುತ್ತದೆ. ಆಗ ‘ಗಾಬರಿ ಬೇಡ’ ಎಂದು ಜೊತೆಯವರಿಗೆ ಸಾರುವ ಸದ್ದೇ ನಗು. ಎಲ್ಲ ನಗುವಿಗೂ ಇದು ಒಗ್ಗದು, ಮಾತಿನ ಚಟಾಕಿಯ ಲೆಕ್ಕವೇ ಬೇರೆ. ಆದರೆ ಮೂಕಿ ಚಿತ್ರಗಳ ಬೀಳುವ, ಏಳುವ ಸ್ಲ್ಯಾಪ್‌ಸ್ಟಿಕ್ ಹಾಸ್ಯಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ.

ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ಗೆ ಈ ಗುಟ್ಟು ಬಾಲ್ಯದಲ್ಲೇ ಸಿಕ್ಕಿತ್ತು. ವೇದಿಕೆಯ ಮೇಲೆ ಅಪ್ಪ ಅವನನ್ನು ಎತ್ತಿ ಎಸೆಯುವುದೇ ಆ ಮನೆಯವರ ಆಟ. ಬಿದ್ದ ಹುಡುಗ ತಾನೇ ನಕ್ಕರೆ ಜನ ನಗುವುದು ಕಡಿಮೆ, ಮುಖ ಕಲ್ಲಾಗಿಸಿಕೊಂಡರೆ ಜಾಸ್ತಿ. ಆ ಕಲ್ಲುಮುಖವೇ ಮುಂದೆ ಅವನ ಗುರುತಾಯಿತು. ಸಾಲದ್ದಕ್ಕೆ ಚಿತ್ರದಲ್ಲಿ ಸದ್ದಿಲ್ಲ. ಮೂಳೆ ನೆಲಕ್ಕೆ ಬಡಿದ ಶಬ್ದವಿಲ್ಲ, ನೋವಿನ ಕೂಗಿಲ್ಲ.

ವೇಗದ ಕೈವಾಡವೂ ಇದೆ. ಆಗಿನ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಬೇಕಿತ್ತು. ನಗಿಸಲೆಂದೇ ನಿಧಾನವಾಗಿ ತಿರುಗಿಸುತ್ತಿದ್ದದ್ದೂ ಉಂಟು. ಸೆಕೆಂಡಿಗೆ 16 ಫ್ರೇಮ್‌ನಂತೆ ತೆಗೆದದ್ದನ್ನು 24ರಂತೆ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಚುರುಕು. ಬೀಳುವುದರ ಲೆಕ್ಕ ಇನ್ನೂ ಮಜವಾಗಿದೆ. ಅಲ್ಲಿ ವೇಗ ಒಂದೂವರೆ ಪಟ್ಟು ಹೆಚ್ಚು, ಆ ವೇಗ ಏರುವುದೂ ಒಂದೂವರೆ ಪಟ್ಟು ಬೇಗ, ಹಾಗಾಗಿ ಒಂದೂವರೆಯನ್ನು ಒಂದೂವರೆಯಿಂದಲೇ ಗುಣಿಸಬೇಕು. ಅಂದರೆ ತೆರೆಯ ಮೇಲಿನ ಭೂಮಿ ನಮ್ಮದಕ್ಕಿಂತ 2.25 ಪಟ್ಟು ಬಲವಾಗಿ ಎಳೆಯುವಂತೆ ಕಾಣುತ್ತದೆ. ಅಂಥ ಕಡೆ ಬಿದ್ದವನು ನುಚ್ಚುನೂರಾಗಬೇಕು. ಇವನು ಟೋಪಿ ಸರಿಮಾಡಿಕೊಂಡು ಓಡುತ್ತಾನೆ!

ಈಗ ಕಂಪ್ಯೂಟರ್ ಏನನ್ನು ಬೇಕಾದರೂ ತೋರಿಸುತ್ತದೆ. ನಾಯಕ ಹಾರಿದರೂ ಬಿದ್ದರೂ ನಮಗೆ ಅನುಮಾನವೇ. ಹಾಗಾಗಿಯೇ ಹಳೆಯ ಬೀಳುವಿಕೆ ಇಂದಿನ ಕಣ್ಣಿಗೆ ಹೆಚ್ಚು ರುಚಿಸುತ್ತದೆ ಅನಿಸುತ್ತದೆ ನನಗೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಇಡೀ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಅವನಿದ್ದಲ್ಲಿಗೆ ಬರುವುದರಿಂದ ಬದುಕುತ್ತಾನೆ. ಬಿದ್ದ ಗೋಡೆ ನಿಜವಾಗಿಯೂ ಭಾರದ್ದು, ಅಡಿಯಲ್ಲಿ ನಿಂತವನೂ ಅವನೇ. ಮುಖದಲ್ಲಿ ಮಾತ್ರ ಏನೂ ಇಲ್ಲ.

ಆ ಮುಖವನ್ನು ಎಷ್ಟು ನಂಬಬಹುದು? 1924ರ ‘ಶರ್ಲಾಕ್ ಜೂನಿಯರ್’ನಲ್ಲಿ ರೈಲಿಗೆ ನೀರು ತುಂಬಿಸುವ ತೊಟ್ಟಿಯ ನೀರು ಧುಮ್ಮಿಕ್ಕಿ ಅವನನ್ನು ಹಳಿಯ ಮೇಲೆ ಕೆಡವುತ್ತದೆ. ಎದ್ದು ಓಡುತ್ತಾನೆ. ನಾವು ನಗುತ್ತೇವೆ. ಅಂದು ಅವನ ಕತ್ತಿನ ಮೂಳೆ ಮುರಿದಿತ್ತು. ಅವನಿಗೇ ಅದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಎಕ್ಸ್‌ರೇ ತೆಗೆದಾಗ.