ಎಒಎನ್ ಸಿಕ್ಕಿತು ಅಂದ್ರೆ ಆರ್ಡರ್ ಸಿಕ್ಕಿತು ಅಂತಲ್ಲ

ರಕ್ಷಣಾ ಖರೀದಿ ಮಂಡಳಿಯ ಸಭೆ ಮುಗಿದರೆ ಸಾಕು, ತುಮಕೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ 'ಇಷ್ಟು ಲಕ್ಷ ಕೋಟಿಯ ಖರೀದಿ, ನಮ್ಮ ಗುಬ್ಬಿ ಫ್ಯಾಕ್ಟರಿಗೆ ಆರ್ಡರ್' ಅಂತ ಓಡಾಡುತ್ತದೆ. ಗುಬ್ಬಿಯಲ್ಲಿರುವುದು ಸರ್ಕಾರಿ ವಿಮಾನ ಕಂಪನಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಆದರೆ ಸಭೆ ಕೊಟ್ಟಿರುವುದು ಎಒಎನ್, ಅಂದರೆ ಆಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ. ಈ ವಸ್ತು ಸೇನೆಗೆ ಬೇಕು ಅಂತ ಸರ್ಕಾರ ಒಪ್ಪಿತು, ಯಾವ ದಾರಿಯಲ್ಲಿ ಕೊಳ್ಳಬೇಕು ಅಂತಲೂ ಹೇಳಿತು. ಅಷ್ಟೇ. ಸುದ್ದಿಯಲ್ಲಿ ಬರುವ ಮೊತ್ತ ಬರೀ ಅಂದಾಜು. ಗ್ರಾಮಸಭೆಯ ಪಟ್ಟಿಗೆ ಕೊಳವೆಬಾವಿ ಸೇರಿದ ದಿನವೇ ನೀರು ಬಂತು ಅಂತ ಯಾರೂ ಹೇಳಲ್ಲ, ಅಲ್ವಾ?

ನಿಜವಾದ ಓಡಾಟ ಶುರುವಾಗುವುದೇ ಆಮೇಲೆ. ಆರ್‌ಎಫ್‌ಪಿ (ಕಂಪನಿಗಳಿಂದ ಪ್ರಸ್ತಾವ ಕೇಳುವ ಪತ್ರ) ಹೊರಡಬೇಕು, ಕಂಪನಿಗಳು ಉತ್ತರ ಕೊಡಬೇಕು, ತಾಂತ್ರಿಕ ಸಮಿತಿ ನೋಡಬೇಕು, ಬೇಕಾದ ಕಡೆ ಮರುಭೂಮಿಯಲ್ಲೂ ಹಿಮದಲ್ಲೂ ಪರೀಕ್ಷೆ ನಡೆಯಬೇಕು, ಬೆಲೆಯ ಚೌಕಾಸಿ ಮುಗಿಯಬೇಕು, ದೊಡ್ಡ ಮೊತ್ತವಾದರೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿಯೂ ಒಪ್ಪಬೇಕು. ಆಮೇಲೆ ಸಹಿ. ಗಡುವಿನೊಳಗೆ ಆರ್‌ಎಫ್‌ಪಿ ಹೊರಡದಿದ್ದರೆ ಎಒಎನ್ ಬಿದ್ದೇ ಹೋಗಬಹುದು. ಇದನ್ನು ಯಾವ ಸುದ್ದಿಯೂ ಬರೆಯುವುದಿಲ್ಲ.

ನಮ್ಮ ಜಿಲ್ಲೆಗೇ ಸೇರಿದ ಉದಾಹರಣೆ ನೋಡಿ. ಎಚ್‌ಎಎಲ್‌ನ 'ಪ್ರಚಂಡ್' ಯುದ್ಧ ಹೆಲಿಕಾಪ್ಟರ್ ಮೊದಲು ಹಾರಿದ್ದು 2010ರಲ್ಲಿ. 156 ಪ್ರಚಂಡ್‌ಗಳಿಗೆ ಎಒಎನ್ ಸಿಕ್ಕಿದ್ದು 2023ರ ನವೆಂಬರ್ 30ಕ್ಕೆ. ಅವತ್ತು ಒಟ್ಟು 2.23 ಲಕ್ಷ ಕೋಟಿ ರೂಪಾಯಿಯ ಪ್ರಸ್ತಾವಗಳಿಗೆ ಒಪ್ಪಿಗೆ ಸಿಕ್ಕಿತ್ತು, 'ಖರೀದಿ ಆಯ್ತು' ಅನ್ನುವ ಸಂಭ್ರಮವೂ ಜೋರಾಗಿತ್ತು. ಸುಮಾರು 62,700 ಕೋಟಿಯ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2025ರ ಮಾರ್ಚ್ 28ಕ್ಕೆ, ಹತ್ತಿರಹತ್ತಿರ 16 ತಿಂಗಳ ನಂತರ. ಪೂರೈಕೆ ಶುರುವಾಗುವುದು ಮೂರನೇ ವರ್ಷದಿಂದ. ಅದೇ ಸಭೆ ಒಪ್ಪಿದ 97 ತೇಜಸ್ ಯುದ್ಧವಿಮಾನಗಳ ಒಪ್ಪಂದ ಆಗಿದ್ದು 2025ರ ಸೆಪ್ಟೆಂಬರ್ 25ಕ್ಕೆ. ಇವೆರಡೂ ಎಚ್‌ಎಎಲ್ ಒಂದೇ ಕಡೆಯಿಂದ ಕೊಳ್ಳುವಂಥವು, ಪೈಪೋಟಿಯೇ ಇಲ್ಲ. ಆದರೂ ಇಷ್ಟು ಹೊತ್ತು!

ಹೆಲಿಕಾಪ್ಟರ್ ಈ ವಿಳಂಬವನ್ನು ತಡೆದುಕೊಂಡೀತು, ಅದು ದಶಕಗಟ್ಟಲೆ ಹಾರುವ ಯಂತ್ರ. ಡ್ರೋನ್ ತಡೆದುಕೊಳ್ಳುವುದಿಲ್ಲ. ಎದುರಾಳಿ ಹೊಸ ಜಾಮರ್ (ರೇಡಿಯೋ ಸಂಕೇತ ತಡೆಯುವ ಸಾಧನ) ತಂದರೆ ಡ್ರೋನಿನ ರೇಡಿಯೋ, ಸಾಫ್ಟ್‌ವೇರ್ ಎರಡೂ ತಿಂಗಳುಗಳಲ್ಲೇ ಬದಲಾಗಬೇಕು. ಕಾಗದದಲ್ಲಿ ಬರೆದ ಬೇಡಿಕೆಗಳ ಪಟ್ಟಿ ಮಾತ್ರ ಎಒಎನ್ ಹೊತ್ತಿಗೇ ಗಟ್ಟಿಯಾಗಿ ಕೂತಿರುತ್ತದೆ. ವೇಗ ಸಾಧ್ಯವೇ ಇಲ್ಲ ಅಂತಲ್ಲ. 2025ರ ಜೂನ್‌ನಲ್ಲಿ ತುರ್ತು ಖರೀದಿ ದಾರಿಯಲ್ಲಿ ಡ್ರೋನ್, ಡ್ರೋನ್ ತಡೆಯುವ ಸಾಧನ ಎಲ್ಲಾ ಸೇರಿ ಸುಮಾರು 1,982 ಕೋಟಿಯ 13 ಒಪ್ಪಂದಗಳು ಮುಗಿದವು. ಮಾಡಬಲ್ಲವರು ಇದೇ ಅಧಿಕಾರಿಗಳು. ಹಾಗಾದರೆ ಮಾಮೂಲಿ ದಾರಿಯೇ ಯಾಕೆ ಹೀಗಿರಬೇಕು?

ರಕ್ಷಣಾ ಸಚಿವಾಲಯ 2025ನ್ನು 'ಸುಧಾರಣೆಗಳ ವರ್ಷ' ಅಂತ ಕರೆಯಿತು. ಒಳ್ಳೆಯದು. ಆದರೆ ಎಷ್ಟು ಲಕ್ಷ ಕೋಟಿಗೆ ಎಒಎನ್ ಕೊಟ್ಟೆವು ಅನ್ನುವುದು ಸುಧಾರಣೆಯ ಅಳತೆ ಆಗಬಾರದು. ಎಒಎನ್‌ನಿಂದ ಸಹಿಗೆ ಎಷ್ಟು ದಿನ, ಸಹಿಯಿಂದ ಸೈನಿಕನ ಕೈಗೆ ಎಷ್ಟು ದಿನ, ಇದನ್ನು ಪ್ರತಿ ಖರೀದಿಗೂ ಪ್ರಕಟಿಸಲಿ.

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರು, ದಯವಿಟ್ಟು ಎಒಎನ್ ಸುದ್ದಿ ನಂಬಿ ಸಾಲ ತೆಗೆದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ತರಬೇಡಿ. ಒಪ್ಪಂದಕ್ಕೆ ಸಹಿ ಆಗಿದೆಯಾ, ನಿಮ್ಮ ಹೆಸರಿಗೆ ಪರ್ಚೇಸ್ ಆರ್ಡರ್ ಬಂದಿದೆಯಾ, ಎರಡನ್ನೂ ನೋಡಿಕೊಂಡೇ ಬ್ಯಾಂಕಿಗೆ ಹೋಗಿ.