ಶ್ರೀಗಂಧದ ಕಸಿ: ಚಿಗುರಿದ್ದೆಲ್ಲ ಹತ್ತಿದ್ದಲ್ಲ

ಒಂದೇ ತಾಯಿಮರದ ಬೀಜ ಬಿತ್ತಿದರೂ ಶ್ರೀಗಂಧದ ಸಸಿಗಳು ಒಂದರಂತೆ ಇನ್ನೊಂದು ಬರುವುದಿಲ್ಲ. ಹೆಚ್ಚಿನ ಕಾಯಿ ಕಟ್ಟುವುದು ಬೇರೆ ಮರದ ಪರಾಗದಿಂದ. ಚೇಗು (ಕಾಂಡದ ನಡುವಿನ ಪರಿಮಳದ ತಿರುಳು) ಬೇಗ ಕಟ್ಟಿ, ಎಣ್ಣೆಯೂ ಹೆಚ್ಚಿರುವ ಮರವೊಂದು ಸಿಕ್ಕರೆ ಅದನ್ನೇ ಮತ್ತೆ ಪಡೆಯಲು ಬೇರು ಇಲ್ಲವೇ ಕಡ್ಡಿಯಿಂದ ಗಿಡ ಎಬ್ಬಿಸಬೇಕು. ತೊಡಕಿರುವುದು ವಯಸ್ಸಿನಲ್ಲಿ. ಚೇಗಿನ ಗುಣ ತಿಳಿಯುವ ಹೊತ್ತಿಗೆ ಮರ ಬಲಿತಿರುತ್ತದೆ, ಬಲಿತ ಮರದ ಕಡ್ಡಿ ಸುಲಭಕ್ಕೆ ಬೇರು ಬಿಡುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಬೇರನ್ನು. ಬೇರಿನಿಂದ ಎದ್ದ ಚಿಗುರು ಎಳೆಯ ಸಸಿಯಂತೆಯೇ ವರ್ತಿಸುತ್ತದೆ. ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ, ಒಂದು ಬದಿಗೆ ಮಾತ್ರ, ಸುಮಾರು 30 ಸೆಂ.ಮೀ. ಆಳದ ಗುಂಡಿ ತೋಡಿ, ಸಿಕ್ಕ ಪೆನ್ಸಿಲ್ ದಪ್ಪದ ಬೇರುಗಳನ್ನು ಚೂಪಾದ ಕತ್ತರಿಯಿಂದ ಕತ್ತರಿಸಿ. ಸುತ್ತಲೂ ತೋಡಿದರೆ ತಾಯಿಮರವೇ ಸೊರಗುತ್ತದೆ. ಗಂಧದ ಬೇರು ಪಕ್ಕದ ಗಿಡಗಳ ಬೇರಿನೊಂದಿಗೆ ಹೆಣೆದುಕೊಂಡಿರುವುದರಿಂದ, ಕತ್ತರಿಸುವ ಮುನ್ನ ಅದನ್ನು ಮರದ ಬುಡದವರೆಗೆ ಹಿಂಬಾಲಿಸಿ ನೋಡಿ. ಕತ್ತರಿಸಿದ ಬೇರಿನಿಂದ ಎದ್ದ ಚಿಗುರು ಗೇಣುದ್ದ ಬೆಳೆದಾಗ ಬೇರಿನ ತುಂಡಿನ ಸಮೇತ ಎತ್ತಿ ಚೀಲಕ್ಕೆ ಹಾಕಿ.

ಇಂಥ ಎಳೆ ಚಿಗುರಿನ 10 ಸೆಂ.ಮೀ. ಉದ್ದದ ಕಡ್ಡಿಗಳನ್ನೂ ಬೇರು ಬರಿಸಲು ಬಳಸಬಹುದು. ಬೇರು ಬರಿಸುವ ಐಬಿಎ ಹಾರ್ಮೋನ್ 2000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 2000 ಭಾಗ) ಬೇಕೆಂದರೆ 200 ಮಿಲಿಗ್ರಾಂ ಪುಡಿಯನ್ನು ಮೊದಲು ತುಸು ಆಲ್ಕೋಹಾಲ್‌ನಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸಿ 100 ಮಿ.ಲೀ. ಮಾಡಿ. ನೇರ ನೀರಿಗೆ ಸುರಿದರೆ ಅದು ಪೂರ್ತಿ ಕರಗುವುದಿಲ್ಲ. ಕಡ್ಡಿಯ ಬುಡವನ್ನು ಕೆಲವು ಸೆಕೆಂಡ್ ಅದ್ದಿ, ತೊಳೆದ ಮರಳಿಗೆ ಊರಿ, ಮಂಜಿನಂತೆ ನೀರು ಸಿಂಪಡಿಸುತ್ತಿರಿ. ಮರಳಿನಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ.

ಬಲಿತ ಮರಕ್ಕೆ ಸೀಳು ಕಸಿ ಹೆಚ್ಚು ಭರವಸೆಯದು. ಒಂದು ವರ್ಷದ ಸಸಿಯನ್ನು 15–20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ನಡುವೆ 3–4 ಸೆಂ.ಮೀ. ಸೀಳಿ. ತಾಯಿಮರದಿಂದ ತಂದ, ಅಷ್ಟೇ ದಪ್ಪದ, ಮೊಗ್ಗು ಉಬ್ಬಿದ ಕುಡಿಕಡ್ಡಿಯ ಎಲೆ ತೆಗೆದು, ಬುಡವನ್ನು ಬೆಣೆಯಂತೆ ಎರಡೂ ಕಡೆ ಒಂದೊಂದೇ ಎಳೆತಕ್ಕೆ ಹೆರೆದು ಕೂರಿಸಿ. ದಪ್ಪ ಸರಿಹೊಂದದಿದ್ದರೆ ನಡುವೆ ಇಡಬೇಡಿ, ಒಂದು ಬದಿಯ ತೊಗಟೆಗಳಾದರೂ ಕೂಡಿಕೊಳ್ಳುವಂತೆ ಸರಿಸಿ, ಏಕೆಂದರೆ ಬೆಸೆಯುವುದು ತೊಗಟೆಯ ಒಳಮೈಗೆ ಅಂಟಿದ ತೆಳು ಪದರ ಮಾತ್ರ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ತೊಡಿಸಿ ನೆರಳಿನಲ್ಲಿಡಿ.

ಮೂರ್ನಾಲ್ಕು ವಾರಕ್ಕೆ ಚಿಗುರು ಕಂಡರೆ ಎಷ್ಟೋ ಮಂದಿ ಕೊಳವೆ ತೆಗೆದುಬಿಡುತ್ತಾರೆ. ಆ ಮೊದಲ ಎಲೆಗಳು ಕಡ್ಡಿಯೊಳಗಿನ ಕೂಡಿಟ್ಟ ಸತ್ವದಿಂದ ಬಂದವು. ಬೆಸುಗೆ ಆಗದಿದ್ದರೂ ಅವು ಅರಳುತ್ತವೆ, ಬಿಸಿಲು ತಾಕಿದೊಡನೆ ಬಾಡುತ್ತವೆ. ಎರಡನೇ ಸುತ್ತಿನ ಎಲೆ ಕಡು ಹಸಿರಾಗುವವರೆಗೆ ಕಾಯುವುದು ಒಳ್ಳೆಯದು. ಕಸಿಯ ಕೆಳಗೆ ಸಸಿಯ ಚಿಗುರು ಎದ್ದರೆ ಕೂಡಲೇ ಚಿವುಟಿ.

ಯಾವ ವಿಧಾನದಿಂದ ಬಂದ ಗಿಡವಾದರೂ ಶ್ರೀಗಂಧ ಅರೆಪರಾವಲಂಬಿ, ಅಂದರೆ ಪಕ್ಕದ ಆಸರೆ ಗಿಡದ ಬೇರಿಗೆ ಅಂಟಿ ನೀರು, ಸತ್ವ ಹೀರುವ ಗಿಡ. ಬೇರು ಕತ್ತರಿಸಿದಾಗ ಆಸರೆ ಗಿಡದ ನಂಟೂ ಕಡಿದಿರುತ್ತದೆ. ಅದೇ ಚೀಲದಲ್ಲಿ ತೊಗರಿ ಅಥವಾ ಹೊನಗೊನೆ ಬೆಳೆಸಿ, ಅದು ಗಂಧಕ್ಕೆ ನೆರಳು ಕವಿಯದಂತೆ ಸವರುತ್ತಿರಿ.

ತಾಯಿಮರ ಆರಿಸುವಾಗ ಸ್ಪೈಕ್ ರೋಗದ ಎಚ್ಚರ ಬೇಕು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಈ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ ಕಾರಣ, ಕಸಿಯ ಮೂಲಕವೂ ಅದು ದಾಟುತ್ತದೆ. ಎಲೆ ಕಿರಿದಾಗಿ, ಗೆಣ್ಣು ಒತ್ತೊತ್ತಾಗಿ ಗೊಂಚಲುಗಟ್ಟಿದ ಕೊಂಬೆ ಒಂದೇ ಕಂಡರೂ ಆ ಮರವನ್ನು ಬಿಟ್ಟುಬಿಡಿ, ಅದರ ಅಕ್ಕಪಕ್ಕದ ಮರಗಳಿಂದಲೂ ಕಡ್ಡಿ ತರಬೇಡಿ.